ಹಳೆಯ ಕಾರಿನ ಕರೆಂಟ್ ಕಾಟಕ್ಕೆ ಮೂರು ಸಲಕರಣೆ: ಮುಂಬಯಿ ಪೇಟೆಯಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದು ಬೇಡ

ಹದಿನೈದು ವರ್ಷ ದಾಟಿದ ಮಾರುತಿ 800, ಝೆನ್, ಸ್ಯಾಂಟ್ರೋ ಅಥವಾ ಹಳೆಯ ವ್ಯಾಗನ್ಆರ್ ಇಟ್ಟುಕೊಂಡಿರುವ ಮುಂಬಯಿ ಕನ್ನಡಿಗರು ಇನ್ನೊಂದು ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಮೂರು ಸಲಕರಣೆಗಳನ್ನು ತಂದಿಟ್ಟುಕೊಳ್ಳುವುದು ಒಳ್ಳೆಯದು. ಡಿಸಿ ಕರೆಂಟ್ (ಬ್ಯಾಟರಿಯಿಂದ ಬರುವ ಕರೆಂಟು) ಓದುವ, ತಂತಿಯ ಸುತ್ತ ಕಚ್ಚಿಸುವ ಕ್ಲ್ಯಾಂಪ್ ಮೀಟರ್, ಎಲ್ಲೆಲ್ಲೂ ಸಿಗುವ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್, 21 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪ್. ಈ ಮೂರರಲ್ಲಿ ಯಾವುದೂ ಒಂದೇ ಸಾಲದು. ಒಂದು ಕಾಣದ್ದನ್ನು ಇನ್ನೊಂದು ಕಾಣುತ್ತದೆ. ಮೂರೂ ಇದ್ದರೆ ಹಳೆಯ ಕಾರಿನಲ್ಲಿ ಬರುವ ವಿದ್ಯುತ್ ತೊಂದರೆಗಳಲ್ಲಿ ಬಹುಪಾಲನ್ನು ಒಂದು ಭಾನುವಾರ ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗಿನಲ್ಲೇ ಹಿಡಿಯಬಹುದು.

ಈ ಊರಿನ ಕಾರುಗಳಿಗೆ ಈ ಕಾಟ ಹೆಚ್ಚು. ಕಾರಣ ಕಣ್ಣೆದುರಿಗೇ ಇದೆ. ವಾರವೆಲ್ಲ ಲೋಕಲ್ ಟ್ರೇನಿನಲ್ಲಿ ಓಡಾಟ, ಕಾರು ಕೆಳಗೆ ಸುಮ್ಮನೆ ನಿಂತಿರುತ್ತದೆ. ನಾಲ್ಕು ತಿಂಗಳ ಮಳೆ, ಅದರ ಮೇಲೆ ಉಪ್ಪುಗಾಳಿ. ತಾಮ್ರಕ್ಕೆ ಕಿಲುಬು, ಕಬ್ಬಿಣಕ್ಕೆ ತುಕ್ಕು. ಬಾನೆಟ್ಟಿನೊಳಗೆ ಬೆಚ್ಚಗೆ ಮಲಗಲು ಬರುವ ಹೆಗ್ಗಣಗಳು ವೈರಿನ ಪ್ಲಾಸ್ಟಿಕ್ ಕಡಿಯುತ್ತವೆ. ಆಮೇಲೆ ಚೌತಿಗೋ ಮೇ ರಜೆಗೋ ಊರಿಗೆ ಹೊರಟು, ರಾತ್ರಿ ಕಶೇಡಿ ಘಾಟಿಯ ಹತ್ತಿರ ಹೆಡ್‌ಲೈಟು ಮಂಕಾದಾಗಲೇ ಎಲ್ಲ ನೆನಪಾಗುವುದು.

ಮೊದಲು ಕ್ಲ್ಯಾಂಪ್ ಮೀಟರ್ ವಿಚಾರ. ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಲೋಹಾರ್ ಚಾಳಿನ ಅಂಗಡಿಗಳಲ್ಲಿ ಕ್ಲ್ಯಾಂಪ್ ಮೀಟರ್ ಕೇಳಿದರೆ ತಕ್ಷಣ ತೆಗೆದುಕೊಡುವುದು ಮನೆ, ಕಾರ್ಖಾನೆಗಳ ವೈರಿಂಗ್ ಮಾಡುವವರ ಮೀಟರ್. ಅದು ಎಸಿ ಕರೆಂಟನ್ನು (ಮನೆಗೆ ಬರುವ ಕರೆಂಟನ್ನು) ಮಾತ್ರ ಅಳೆಯುತ್ತದೆ. ಕಾರಿನ ಬ್ಯಾಟರಿ ತಂತಿಗೆ ಕಚ್ಚಿಸಿದರೆ ಸೊನ್ನೆ ತೋರಿಸುತ್ತದೆ, ನೀವು ಲೀಕ್ (ನಿಂತ ಕಾರಿನಲ್ಲಿ ಕರೆಂಟಿನ ಸೋರಿಕೆ) ಇಲ್ಲ ಎಂದುಕೊಳ್ಳುತ್ತೀರಿ. ಅಂಗಡಿಯವರು ‘ಇದರಲ್ಲಿ ಡಿಸಿಯೂ ಇದೆ’ ಎನ್ನುವುದು ಸುಳ್ಳಲ್ಲ, ಆದರೆ ಅವರು ಹೇಳುವುದು ಡಿಸಿ ವೋಲ್ಟೇಜಿನ ವಿಷಯ. ತಿರುಗುಬಟನ್ನಿನ ಮೇಲೆ ‘ಎ’ ಅಕ್ಷರದ ಪಕ್ಕ ಏನಿದೆ ನೋಡಿ. ಅಲೆಯ ಗುರುತು ಮಾತ್ರ ಇದ್ದರೆ ಕೈಯಲ್ಲಿ ಹಿಡಿಯದೆ ವಾಪಸು ಕೊಡಿ. ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇರುವ ಡಿಸಿ ಗುರುತೂ ಅದೇ ಜಾಗದಲ್ಲಿ ಇರಬೇಕು.

ಲ್ಯಾಮಿಂಗ್ಟನ್ ರೋಡಿನಲ್ಲೂ ಆನ್‌ಲೈನಿನಲ್ಲೂ ಸಿಗುವವುಗಳಲ್ಲಿ ನಮ್ಮ ಕೆಲಸಕ್ಕೆ ಸರಿಹೊಂದುವುದು ಯೂನಿ-ಟಿ ಕಂಪನಿಯ ಯುಟಿ210ಇ. ಬೆಲೆ ಕೆಲವು ಸಾವಿರ ರೂಪಾಯಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಎರಡು ಎಎಎ ಸೆಲ್ಲಿನಲ್ಲಿ ನಡೆಯುತ್ತದೆ. ಇದರ ಹೆಚ್ಚುಗಾರಿಕೆ 2 ಆಂಪ್ ರೇಂಜ್. ಅದರಲ್ಲಿ 1 ಮಿಲಿಆಂಪ್‌ವರೆಗೆ ಅಂಕಿ ಕಾಣುತ್ತದೆ. 20 ಮತ್ತು 100 ಆಂಪ್ ರೇಂಜುಗಳೂ ಇವೆ. ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರವನ್ನು ಎರಡು ಸಲ ನೋಡಿ. ಅದೇ ಅಚ್ಚಿನ, ಅದೇ ಕೆಂಪು ಬಣ್ಣದ ಯುಟಿ210ಎ ಎಸಿ ಮಾತ್ರ ಓದುತ್ತದೆ.

ಕೊರತೆಗಳನ್ನೂ ಹೇಳಬೇಕು. ಬಾಯಿ 17 ಮಿಲಿಮೀಟರ್ ಮಾತ್ರ ತೆರೆಯುತ್ತದೆ. ಸಣ್ಣ ಕಾರಿನ ಬ್ಯಾಟರಿ ತಂತಿಗೆ ಸಾಕು, ದೊಡ್ಡ ಡೀಸೆಲ್ ಗಾಡಿಯ ದಪ್ಪ ತಂತಿಗಳ ಕಟ್ಟು ಒಳಗೆ ಹಿಡಿಯುವುದಿಲ್ಲ. ಸೆಲ್ಫ್ ಹೊಡೆದಾಗ ಕರೆಂಟು 100 ಆಂಪ್ ದಾಟಿದರೆ ಪರದೆಯಲ್ಲಿ ‘ಓಎಲ್’ (ಅಳತೆ ಮೀರಿದೆ) ಅಷ್ಟೇ. ವೋಲ್ಟೇಜಿನಲ್ಲಿ ಅತಿ ಕೆಳಗಿನ ರೇಂಜ್ 2 ವೋಲ್ಟ್. ಹಾಗಾಗಿ ಒಂದು ಮಿಲಿವೋಲ್ಟಿಗಿಂತ ಸೂಕ್ಷ್ಮವಾದದ್ದು ಇದಕ್ಕೆ ಕಾಣುವುದಿಲ್ಲ. ಇದು ಮುಂದೆ ಫ್ಯೂಸ್ ಹುಡುಕುವಾಗ ಅಡ್ಡಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪರದೆಯಲ್ಲಿ ಮಿಲಿಆಂಪ್ ಕಂಡಿತೆಂದು ಕೊನೆಯ ಅಂಕಿಯನ್ನು ನಂಬಬಾರದು. ಒಳಗೆ ಕಾಂತಕ್ಷೇತ್ರ ಓದುವ ಹಾಲ್ ಸೆನ್ಸರಿಗೆ ಭೂಮಿಯ ಕಾಂತಕ್ಷೇತ್ರವೂ ಗೊತ್ತಾಗುತ್ತದೆ, ಮೀಟರನ್ನು ಬರಿದೇ ತಿರುಗಿಸಿದರೂ ಅಂಕಿ ಹತ್ತಿಪ್ಪತ್ತು ಮಿಲಿಆಂಪ್ ಅತ್ತಿತ್ತ ಆಗುತ್ತದೆ. 30 ಮಿಲಿಆಂಪೋ 300 ಮಿಲಿಆಂಪೋ ಎಂಬುದನ್ನು ಈ ಮೀಟರ್ ಖಚಿತವಾಗಿ ಹೇಳುತ್ತದೆ. 18 ಇದೆಯೋ 25 ಇದೆಯೋ ಎಂದು ಇದನ್ನು ಕೇಳಬೇಡಿ. ಕಾರಿನ ಕೆಲಸಕ್ಕೆ ಆ ವ್ಯತ್ಯಾಸ ಬೇಕಾಗಿಯೂ ಇಲ್ಲ.

ಸರಿಯಾದ ಓದು ಬರಬೇಕಾದರೆ ಸೊನ್ನೆ ಮಾಡುವ ಕ್ರಮ ಮುಖ್ಯ. ಮೀಟರನ್ನು ತಂತಿಯ ಪಕ್ಕದಲ್ಲೇ, ಕಚ್ಚಿಸುವಾಗ ಯಾವ ದಿಕ್ಕಿಗೆ ಹಿಡಿಯುತ್ತೀರೋ ಅದೇ ದಿಕ್ಕಿಗೆ, ಬಾಯಿ ಮುಚ್ಚಿ ಹಿಡಿದು ಝೀರೋ ಬಟನ್ ಒತ್ತಿ. ಆಮೇಲೆ ಕೈ ಹೆಚ್ಚು ಅಲುಗಿಸದೆ ಬಾಯಿ ತೆರೆದು ತಂತಿಯನ್ನು ಒಳಗೆ ತಂದುಕೊಳ್ಳಿ. ಸ್ಪೀಕರಿನ ಅಯಸ್ಕಾಂತದ ಹತ್ತಿರ ಅಳೆಯಬೇಡಿ. ತೆಳ್ಳಗಿನ ವೈರಾದರೆ ಬಾಯಿಯೊಳಗೆ ಐದು ಸುತ್ತು ಸುತ್ತಿ, ಬಂದ ಅಂಕಿಯನ್ನು ಐದರಿಂದ ಭಾಗಿಸಿ. ನಿಖರತೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ.

ಇನ್ನು ಈ ಮೀಟರು ತನ್ನ ಬೆಲೆಯನ್ನು ದುಡಿದುಕೊಡುವ ಕೆಲಸ: ನಿಂತ ಕಾರಿನಲ್ಲಿ ಸೋರುವ ಕರೆಂಟು. ಕಾರನ್ನು ಆಫ್ ಮಾಡಿ, ಬಾಗಿಲು ತೆರೆದೇ ಇಟ್ಟು, ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಲಾಕಿಗೆ ಹೊಂದಿಕೊಳ್ಳದೆ ಚೌಕಟ್ಟಿನಲ್ಲಿ ಬೇರೆ ಒತ್ತುಸ್ವಿಚ್ಚು ಇದ್ದರೆ ಅದನ್ನು ಟೇಪು ಹಾಕಿ ಒತ್ತಿ ಹಿಡಿಸಿ. ಬ್ಯಾಟರಿಯ ನೆಗೆಟಿವ್ ತಂತಿಗೆ ಕ್ಲ್ಯಾಂಪ್ ಕಚ್ಚಿಸಿ. ಅಲ್ಲಿ ಗೇರ್‌ಬಾಕ್ಸಿಗೆ ಹೋಗುವ ದಪ್ಪ ತಂತಿಯ ಜೊತೆಗೆ ಬಾಡಿಗೆ ಹೋಗುವ ಸಣ್ಣ ತಂತಿಯೂ ಇರುತ್ತದೆ. ಎರಡೂ ಒಟ್ಟಿಗೆ ಬಾಯಿಯೊಳಗೆ ಬರಬೇಕು, ಒಂದು ಹೊರಗುಳಿದರೆ ಅಳತೆ ಅರ್ಧ ಸತ್ಯ. ಕಾರ್ಬ್ಯುರೇಟರಿನ ಹಳೆಯ 800ರಲ್ಲಿ ಕಾಯುವುದು ಬೇಡ, ಕಾರು ಆಫ್ ಆದ ಮೇಲೆ ನಿಧಾನವಾಗಿ ಮಲಗುವ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಅಲ್ಲಿ ಇಲ್ಲ. ಎಂಪಿಎಫ್ಐ (ಇಸಿಯುವಿನ ಹತೋಟಿಯಲ್ಲಿ ಪೆಟ್ರೋಲ್ ಚಿಮುಕಿಸುವ) ಕಾರಿಗೆ, ಅದರಲ್ಲೂ ಸೆಂಟ್ರಲ್ ಲಾಕ್ ಇದ್ದರೆ, ಅರ್ಧ ಗಂಟೆ ಬಿಟ್ಟು ನೋಡಿ.

20ರಿಂದ 50 ಮಿಲಿಆಂಪ್ ಒಳಗಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಲೆಕ್ಕ ಹಾಕಿದರೆ ಇದರ ತೂಕ ಗೊತ್ತಾಗುತ್ತದೆ. ಸಣ್ಣ ಕಾರಿನ ಬ್ಯಾಟರಿ 35 ಆಂಪ್-ಅವರ್. 30 ಮಿಲಿಆಂಪ್ ಸೋರಿದರೆ ಪೂರ್ತಿ ಬರಿದಾಗಲು ಒಂದೂವರೆ ತಿಂಗಳು ಬೇಕು. 300 ಮಿಲಿಆಂಪ್ ಸೋರಿದರೆ ಐದೇ ದಿನ, ಸೆಲ್ಫ್ ಹೊಡೆಯಲಾರದಷ್ಟು ಸೊರಗಲು ಅದಕ್ಕೂ ಕಡಿಮೆ. ಅಂದರೆ ಭಾನುವಾರ ಓಡಿಸಿ ನಿಲ್ಲಿಸಿದ ಕಾರು ಮುಂದಿನ ಭಾನುವಾರ ಏಳುವುದಿಲ್ಲ. ಇಂಥ ಕಾರಿಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಆ ಬ್ಯಾಟರಿಯೂ ಪದೇ ಪದೇ ಬರಿದಾಗಿ, ಪ್ಲೇಟುಗಳು ಸಲ್ಫೇಟ್ ಹಿಡಿದು, ಬೇಗ ಸಾಯುತ್ತದೆ.

ಅಂಕಿಯೇ ಕಳ್ಳನ ಸುಳಿವು ಕೊಡುತ್ತದೆ. 400 ಮಿಲಿಆಂಪ್ ಆಸುಪಾಸು ಬಂದರೆ 5 ವ್ಯಾಟಿನ ಬಲ್ಬೊಂದು ಎಲ್ಲೋ ಉರಿಯುತ್ತಿದೆ, ಬಹಳ ಸಲ ಡಿಕ್ಕಿಯದ್ದು. ಫೋನಿನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ ನೋಡಿ, ಅನುಮಾನ ತೀರುತ್ತದೆ. ನೂರರಿಂದ ಮುನ್ನೂರರ ಮಧ್ಯೆ ಇದ್ದರೆ ಮೊದಲು ಹೊರಗಿನಿಂದ ಹಾಕಿಸಿದ ಸಾಮಾನಿನ ಮೇಲೆ ಕಣ್ಣಿಡಿ: ಸ್ಟೀರಿಯೋ, ಆಂಪ್ಲಿಫೈಯರ್, ಅಲಾರಂ, ರಿವರ್ಸ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್. ಡೆಕೋರ್ ಅಂಗಡಿಗಳಲ್ಲಿ ಇವಕ್ಕೆ ಕೀ ಹಾಕಿದಾಗ ಮಾತ್ರ ಬರುವ ಕರೆಂಟು ಕೊಡುವ ಬದಲು, ಕೈಗೆ ಸುಲಭವಾಗಿ ಸಿಕ್ಕಿದ ನಿರಂತರ ಕರೆಂಟಿನ ವೈರಿನಿಂದ ಎಳೆದುಬಿಡುವುದು ಸಾಮಾನ್ಯ. ಫಾಸ್ಟ್ಯಾಗ್ ಮೇಲೆ ಮಾತ್ರ ಅನುಮಾನ ಪಡಬೇಡಿ. ಅದಕ್ಕೆ ಕಾರಿನಿಂದ ಕರೆಂಟು ಹೋಗುವುದೇ ಇಲ್ಲ.

ಅಲ್ಲೂ ಸಿಗದಿದ್ದರೆ ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ‘ಡೈನಮೋ’. ಒಳಗಿನ ಡಯೋಡು (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಕೆಟ್ಟರೆ ರಾತ್ರಿಯಿಡೀ ಬ್ಯಾಟರಿಯಿಂದ ಅದರೊಳಕ್ಕೆ ಕರೆಂಟು ಹಿಂದಕ್ಕೆ ಹರಿಯುತ್ತದೆ. ಇಂಜಿನ್ ಆಫ್ ಇರುವಾಗ ಆಲ್ಟರ್ನೇಟರಿನ ಹಿಂಬದಿಯ ದಪ್ಪ ವೈರಿಗೆ ಕ್ಲ್ಯಾಂಪ್ ಹಾಕಿ. ಅಲ್ಲಿ ಹೆಚ್ಚೂಕಡಿಮೆ ಸೊನ್ನೆ ಇರಬೇಕು. ಲೀಕ್ ದೊಡ್ಡದಿದ್ದರೆ ಬೆಳಿಗ್ಗೆ ಮುಟ್ಟಿ ನೋಡಿದರೂ ಸಾಕು, ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಆಲ್ಟರ್ನೇಟರ್ ಮಾತ್ರ ಉಗುರುಬೆಚ್ಚಗಿರುತ್ತದೆ.

ಲೀಕ್ ಇದೆ, ಯಾವ ಸರ್ಕ್ಯೂಟಿನಲ್ಲಿ ಎಂದು ತಿಳಿಯಬೇಕು. ಇಲ್ಲಿ ಹಳದಿ ಮೀಟರಿನ ಸರದಿ. ಡಿಟಿ830ಡಿ ಎಂಬ ಹೆಸರಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಇದನ್ನು ಆಟಿಕೆ ಎಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು. ಇದರಲ್ಲಿ 200 ಮಿಲಿವೋಲ್ಟ್ ರೇಂಜ್ ಇದೆ, 0.1 ಮಿಲಿವೋಲ್ಟ್‌ವರೆಗೆ ಓದುತ್ತದೆ. ದುಬಾರಿ ಕ್ಲ್ಯಾಂಪಿಗೆ ಕಾಣದ್ದು ಇದಕ್ಕೆ ಕಾಣುತ್ತದೆ. ಬ್ಲೇಡ್ ಫ್ಯೂಸಿನ ನೆತ್ತಿಯಲ್ಲಿ ಎರಡು ಸಣ್ಣ ಲೋಹದ ಚುಕ್ಕಿಗಳಿವೆ. ಫ್ಯೂಸು ಕೀಳದೆ ಮೀಟರಿನ ಎರಡು ಮೊನೆಗಳನ್ನು ಅವುಗಳ ಮೇಲಿಡಿ. ಕರೆಂಟು ಹರಿಯದ ಫ್ಯೂಸಿನಲ್ಲಿ 0.0. ಹರಿಯುತ್ತಿದ್ದರೆ ಸಣ್ಣದಾದರೂ ಒಂದು ಅಂಕಿ ಬರುತ್ತದೆ. 10 ಆಂಪ್ ಫ್ಯೂಸಿನ ತಡೆ ಸುಮಾರು 7 ಮಿಲಿಓಮ್ ಎಂದಿಟ್ಟುಕೊಂಡರೆ 0.7 ಮಿಲಿವೋಲ್ಟ್ ಎಂದರೆ ನೂರು ಮಿಲಿಆಂಪ್. ದೊಡ್ಡ ಆಂಪಿನ ಫ್ಯೂಸಿನ ತಡೆ ಇನ್ನೂ ಕಡಿಮೆ, ಅಲ್ಲಿ ಸಣ್ಣ ಅಂಕಿಯನ್ನೂ ಲಘುವಾಗಿ ಕಾಣಬೇಡಿ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವ ಹಳೆಯ ಪದ್ಧತಿಗಿಂತ ಇದು ಮೇಲು, ಏಕೆಂದರೆ ಕಿತ್ತು ಮತ್ತೆ ಹಾಕಿದಾಗ ಮಲಗಿದ್ದ ಮಾಡ್ಯೂಲು ಎದ್ದು ಕೂತು ಲೆಕ್ಕ ತಪ್ಪಿಸುತ್ತದೆ.

ಹಳದಿ ಮೀಟರಿನ ಅಪಾಯ ಅದರ 10 ಆಂಪ್ ತೂತಿನಲ್ಲಿದೆ. ಹೆಚ್ಚಿನವುಗಳಲ್ಲಿ ಆ ದಾರಿಗೆ ಒಳಗೆ ಫ್ಯೂಸ್ ಇಲ್ಲ, ಹಾಗೆಂದು ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಕೆಂಪು ವೈರು ಆ ತೂತಿನಲ್ಲಿರುವಾಗ ಬ್ಯಾಟರಿಯ ಎರಡು ತುದಿಗೆ ಮೊನೆ ಮುಟ್ಟಿಸಿದರೆ ನೇರ ಶಾರ್ಟ್. ಮೀಟರನ್ನು ಬ್ಯಾಟರಿ ತಂತಿಯ ಮಧ್ಯೆ ಸೇರಿಸಿಟ್ಟು ಸೆಲ್ಫ್ ಹೊಡೆದರೂ ಸುಟ್ಟೇ ಹೋಗುತ್ತದೆ. ಕ್ಲ್ಯಾಂಪ್ ಇಲ್ಲದೆ ಇದರಿಂದಲೇ ಲೀಕ್ ಅಳೆಯಲೇಬೇಕಾದರೆ ಹೊರಗಿನಿಂದ 10 ಆಂಪ್ ಫ್ಯೂಸ್ ಹೋಲ್ಡರ್ ಒಂದನ್ನು ಸೇರಿಸಿಕೊಳ್ಳಿ. ಇನ್ನೊಂದು ಸಂಗತಿ ಅನೇಕರಿಗೆ ತಿಳಿಯದು: ಒಳಗಿನ 9 ವೋಲ್ಟ್ ಸೆಲ್ ಸೊರಗಿದಾಗ ಈ ಮೀಟರು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. 12.2 ಇರುವ ಬ್ಯಾಟರಿ 12.7 ಎಂದು ಕಂಡು ಸೊಗಸಾಗಿದೆ ಅನ್ನಿಸುತ್ತದೆ. ಹೊಸ ಆಲ್ಕಲೈನ್ ಎಎ ಸೆಲ್ಲೊಂದನ್ನು ಅಳೆದು ನೋಡಿ, 1.55ರಿಂದ 1.65 ವೋಲ್ಟ್ ಬರಬೇಕು. 1.8 ಬಂದರೆ ಮೀಟರಿನ ಸೆಲ್ ಬದಲಿಸಿ.

ಮೂರನೆಯದು ಟೆಸ್ಟ್ ಲ್ಯಾಂಪ್. ಪೆನ್ನಿನ ಆಕಾರದ, ಒಳಗೆ ಎಲ್ಇಡಿ ಇರುವ ಟೆಸ್ಟರ್ ಕೊಳ್ಳಬೇಡಿ. ಹಳೆಯ ಕಾರಿಗೆ ಬೇಕಾದದ್ದು ಕರೆಂಟು ಎಳೆಯುವ ಬಲ್ಬು. ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬು, ಅದರ ಹೋಲ್ಡರ್, ಒಂದೂವರೆ ಮೀಟರ್ ವೈರು, ಒಂದು ಕಡೆ ಮೊಸಳೆ ಕ್ಲಿಪ್ಪು, ಇನ್ನೊಂದು ಕಡೆ ಚೂಪು ಮೊನೆ. ಮನೆಯಲ್ಲೇ ಮಾಡಿಕೊಳ್ಳಬಹುದು, ಮಾಡಿಕೊಂಡದ್ದೇ ಅಂಗಡಿಯದ್ದಕ್ಕಿಂತ ಗಟ್ಟಿ. ಈ ಬಲ್ಬು ಸುಮಾರು 1.75 ಆಂಪ್ ಎಳೆಯುತ್ತದೆ.

ಅಷ್ಟು ಎಳೆಯುವುದರಲ್ಲೇ ಇದರ ಗುಣ ಇದೆ. ಡಿಜಿಟಲ್ ಮೀಟರು ತಂತಿಯಿಂದ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ವೈರಿನ ಎಳೆಗಳನ್ನು ಕಿಲುಬು ತಿಂದು ಕರೆಂಟಿನ ದಾರಿ ಮುಚ್ಚುತ್ತ ಬಂದಿದ್ದರೂ ಮೀಟರಿನಲ್ಲಿ 12.5 ವೋಲ್ಟ್ ಬರುತ್ತದೆ. ‘ಕರೆಂಟು ಬರ್ತಾ ಇದೆ, ಮೋಟರೇ ಹೋಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳಿ ಒಳ್ಳೆಯ ವೈಪರ್ ಮೋಟರನ್ನೋ ಪವರ್ ವಿಂಡೋ ಮೋಟರನ್ನೋ ಬದಲಿಸುವುದು ಹೀಗೆಯೇ. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಇಟ್ಟರೆ ಬಲ್ಬು ಕೆಂಪಗೆ ಮಂಕಾಗಿ ಉರಿದು ನಿಜ ಹೇಳುತ್ತದೆ. ಬಲ್ಬು ಉರಿಯುತ್ತಿರುವಾಗಲೇ ಮೀಟರಿನಲ್ಲೂ ವೋಲ್ಟೇಜು ನೋಡಿ. ಎರಡನ್ನೂ ಸೇರಿಸಿ ನೋಡಿದರೆ ತಪ್ಪುವ ಸಾಧ್ಯತೆ ಬಹಳ ಕಡಿಮೆ.

ಹಿಂದಿನ ದೀಪಗಳ ಉದಾಹರಣೆ ತೆಗೆದುಕೊಳ್ಳಿ. ಎಡ ಇಂಡಿಕೇಟರ್ ಹಾಕಿದರೆ ಅದೇ ಬದಿಯ ಟೇಲ್ ಲ್ಯಾಂಪೂ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಎಲ್ಲವೂ ಮಂಕಾಗುತ್ತವೆ. ಇದು ಬಲ್ಬಿನ ದೋಷವೂ ಅಲ್ಲ, ಫ್ಲ್ಯಾಶರಿನದ್ದೂ ಅಲ್ಲ. ಆ ಮೂರು ಬಲ್ಬಿಗೂ ಸೇರಿ ಇರುವ ಒಂದೇ ಅರ್ಥ್ ವೈರು (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ವೈರು) ಕೆಟ್ಟಿದೆ, ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕಿಕೊಳ್ಳುತ್ತಿದೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪಾಸಿಟಿವ್ ಕರೆಂಟು ಸಿಗುವ ಕಡೆ ಹಾಕಿ, ಮೊನೆಯನ್ನು ದೀಪದ ಹೋಲ್ಡರಿನ ಅರ್ಥ್ ತಗಡಿಗೆ ಮುಟ್ಟಿಸಿ. ಪೂರ್ತಿ ಬೆಳಗದಿದ್ದರೆ ಅರ್ಥ್ ಇಲ್ಲ. ಡಿಕ್ಕಿಯ ಕಾರ್ಪೆಟ್ ಎತ್ತಿ ಆ ಕಪ್ಪು ವೈರು ಬಾಡಿಗೆ ಸೇರುವ ಬೋಲ್ಟ್ ಹುಡುಕಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಳೆನೀರು ನಿಲ್ಲುವ ಕಾರಿನಲ್ಲಿ ಆ ಬೋಲ್ಟಿನ ಸುತ್ತ ತುಕ್ಕಿನ ಉಂಗುರ ಕಾಣುತ್ತದೆ. ಬೋಲ್ಟು ಬಿಚ್ಚಿ, ಲಗ್ಗಿನ (ವೈರಿನ ತುದಿಯ ಲೋಹದ ಉಂಗುರದ) ಕೆಳಗೆ ಬಣ್ಣವೂ ತುಕ್ಕೂ ಹೋಗಿ ಬಿಳಿ ಲೋಹ ಕಾಣುವ ತನಕ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ವ್ಯಾಸಲೀನ್ ಸವರುವುದು ಬಿಗಿದ ಮೇಲೆ, ಮೊದಲಲ್ಲ.

ಟೆಸ್ಟ್ ಲ್ಯಾಂಪಿಗೆ ಒಂದು ಗಡಿ ಇದೆ. ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ, ಇಸಿಯುವಿನ ಸೆನ್ಸರ್ ವೈರುಗಳಿಗೆ ಅದನ್ನು ತಾಗಿಸಲೇಬಾರದು. ಅಷ್ಟು ಕರೆಂಟು ಎಳೆದರೆ ಒಳಗಿನ ಟ್ರಾನ್ಸಿಸ್ಟರು ಸುಡುತ್ತದೆ, ಏರ್‌ಬ್ಯಾಗಿನಲ್ಲಿ ಪ್ರಾಣಕ್ಕೇ ಅಪಾಯ.

ಈ ಸಲಕರಣೆಗಳಿಂದ ಮಾಡುವ ಪರೀಕ್ಷೆಗಳಲ್ಲಿ ಅತಿ ಹೆಚ್ಚು ದುಡ್ಡು ಉಳಿಸುವುದು ವೋಲ್ಟೇಜ್ ಡ್ರಾಪ್ ಪರೀಕ್ಷೆ, ಅಂದರೆ ಕರೆಂಟಿನ ದಾರಿಯಲ್ಲಿ ಎಲ್ಲಿ ಎಷ್ಟು ವೋಲ್ಟೇಜು ಕಳೆದುಹೋಗುತ್ತದೆ ಎಂದು ನೋಡುವುದು. ನಮ್ಮ ಊರಿನ ಗ್ಯಾರೇಜುಗಳಲ್ಲಿ ಅತಿ ಕಡಿಮೆ ಮಾಡುವುದೂ ಅದನ್ನೇ. ಸೆಲ್ಫ್ ನಿಧಾನವಾಗಿ ತಿರುಗುತ್ತದೆ ಎಂದಿಟ್ಟುಕೊಳ್ಳಿ. ಮೊದಲು ಬ್ಯಾಟರಿ ನೋಡಿ. ಕೆಲವು ಗಂಟೆ ನಿಂತ ಕಾರಿನಲ್ಲಿ 12.6 ಇದ್ದರೆ ಪೂರ್ತಿ, 12.4 ಇದ್ದರೆ ಮುಕ್ಕಾಲು, 12.2 ಅರ್ಧ, 12.0 ಎಂದರೆ ಕಾಲು ಭಾಗ. 12.4ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮುಂದಿನ ಮಾತು. ಇಂಜಿನ್ ಸ್ಟಾರ್ಟ್ ಆಗದಂತೆ ಎಂಪಿಎಫ್ಐ ಕಾರಿನಲ್ಲಿ ಪೆಟ್ರೋಲ್ ಪಂಪಿನ ಫ್ಯೂಸು, ಕಾರ್ಬ್ಯುರೇಟರಿನ ಕಾರಿನಲ್ಲಿ ಇಗ್ನಿಷನ್ ಕಾಯಿಲಿನ ಪಾಸಿಟಿವ್ ಸಣ್ಣ ವೈರು ತೆಗೆದಿಡಿ. ಇನ್ನೊಬ್ಬರನ್ನು ಕೀ ತಿರುಗಿಸಲು ಕೂರಿಸಿ.

ಸೆಲ್ಫ್ ತಿರುಗುತ್ತಿರುವಾಗಲೇ ಓದಬೇಕು, ಪ್ರತಿ ಸಲ ಐದು ಸೆಕೆಂಡಿಗಿಂತ ಹೆಚ್ಚು ಬೇಡ. ಬ್ಯಾಟರಿಯ ಎರಡು ಕಂಬಗಳ ಮೇಲೆ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ. ಇಳಿಯದೆ 10.6ರಲ್ಲಿ ನಿಂತಿದ್ದು ಸೆಲ್ಫ್ ಮಾತ್ರ ತೆವಳುತ್ತಿದ್ದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜು ಕಳೆದುಹೋಗುತ್ತಿದೆ, ಇಲ್ಲವೇ ಸೆಲ್ಫ್ ಮೋಟರೇ ಸೋತಿದೆ. ಮೀಟರಿನ ಒಂದು ಮೊನೆ ಬ್ಯಾಟರಿಯ ಪಾಸಿಟಿವ್ ಸೀಸದ ಕಂಬದ ಮೇಲೆ, ಇನ್ನೊಂದು ಸೆಲ್ಫಿನ ದಪ್ಪ ಬೋಲ್ಟಿನ ಮೇಲೆ. 0.5 ವೋಲ್ಟಿಗಿಂತ ಹೆಚ್ಚು ಬರಬಾರದು. ಹಾಗೆಯೇ ನೆಗೆಟಿವ್ ಕಂಬದಿಂದ ಇಂಜಿನ್ನಿನ ಬೋಳು ಲೋಹಕ್ಕೆ, ಇಲ್ಲಿ 0.2 ಒಳಗಿರಬೇಕು. 1 ವೋಲ್ಟ್ ಬಂತೆನ್ನಿ. ಮೊನೆಯನ್ನು ಹಂತ ಹಂತವಾಗಿ ಸರಿಸುತ್ತ ಬನ್ನಿ: ಕಂಬದಿಂದ ಟರ್ಮಿನಲ್ಲಿಗೆ, ಟರ್ಮಿನಲ್ಲಿನಿಂದ ತಂತಿಯ ಎಳೆಗೆ, ತಂತಿಯ ಆಚೆ ತುದಿಯ ಲಗ್ಗಿಗೆ, ಲಗ್ಗಿನಿಂದ ಗೇರ್‌ಬಾಕ್ಸಿನ ಲೋಹಕ್ಕೆ. ಯಾವ ಹೆಜ್ಜೆಯಲ್ಲಿ ಅಂಕಿ ಒಮ್ಮೆಲೇ ಹಾರುತ್ತದೋ ಅದೇ ಜಾಗ.

ಕಂಬಕ್ಕೂ ಅದನ್ನು ಸುತ್ತಿ ಹಿಡಿದ ಟರ್ಮಿನಲ್ಲಿಗೂ ನಡುವೆಯೇ ಅರ್ಧ ವೋಲ್ಟ್ ಕಳೆದುಹೋಗುವುದು ತೀರ ಸಾಮಾನ್ಯ. ಹೊರಗಿನಿಂದ ಥಳಥಳ ಹೊಳೆಯುವ ಟರ್ಮಿನಲ್ಲಿನ ಒಳಮೈಯಲ್ಲಿ ಬೂದು ಪದರ ಕೂತಿರುತ್ತದೆ. ಇನ್ನೊಂದು ಅಡಗುತಾಣ ಲಗ್ಗಿನ ಕುತ್ತಿಗೆ. ಕಪ್ಪು ಪ್ಲಾಸ್ಟಿಕ್ ಸಿಪ್ಪೆ ಅಲ್ಲಿ ಉಬ್ಬಿದ್ದರೆ, ಒತ್ತಿದಾಗ ಒಳಗೆ ಹಿಟ್ಟಿನಂತೆ ಪುಡಿಪುಡಿ ಅನ್ನಿಸಿದರೆ, ಸೀಳಿ ನೋಡಿ. ತಾಮ್ರದ ಬದಲು ಹಸಿರು ಪುಡಿ ಸಿಗುತ್ತದೆ, ಒಂದೆರಡು ಗೇಣು ದೂರದವರೆಗೂ ಎಳೆಗಳು ಕಪ್ಪಾಗಿರುತ್ತವೆ. ಬ್ಯಾಟರಿಯ ಆಸಿಡ್ಡು ಎಳೆಗಳ ಸಂದಿನಲ್ಲಿ ಒಳಕ್ಕೆ ಏರಿರುವುದರ ಗುರುತು ಅದು. ಅಂಥ ತಂತಿಗೆ ಹೊಸ ಟರ್ಮಿನಲ್ ಕಚ್ಚಿಸಿ ಪ್ರಯೋಜನವಿಲ್ಲ, ತಂತಿಯನ್ನೇ ಬದಲಿಸಬೇಕು.

ಮೀಟರಿನ ತಡೆ ಅಳೆಯುವ ಓಮ್ ರೇಂಜಿನಲ್ಲೋ ಬೀಪ್‌ನಲ್ಲೋ ಇದನ್ನು ಹಿಡಿಯಲು ಆಗುವುದಿಲ್ಲ. ಸೆಲ್ಫ್ 100 ಆಂಪ್ ಎಳೆಯುವಾಗ 0.01 ಓಮ್ ತಡೆಯಿದ್ದರೂ 1 ವೋಲ್ಟ್ ಹೋಯಿತು. ಮೀಟರಿನ ಸ್ವಂತ ವೈರುಗಳ ತಡೆಯೇ ಅದರ ಎಷ್ಟೋ ಪಟ್ಟು. ತಂತಿಯಲ್ಲಿ ಕರೆಂಟು ಹರಿಯುವಾಗ ಮಾತ್ರ ಅದರ ದೋಷ ಕಾಣುತ್ತದೆ. ಇಂಜಿನ್ನಿನ ಅರ್ಥ್ ಪಟ್ಟಿ ಪೂರ್ತಿ ಕಡಿದುಹೋದ ಕಾರುಗಳಲ್ಲಿ ಸೆಲ್ಫಿನ ಕರೆಂಟು ಆಕ್ಸಿಲರೇಟರ್, ಕ್ಲಚ್ ಕೇಬಲ್ಲುಗಳ ಮೂಲಕ ಹರಿದು ಅವು ಬಿಸಿಯಾಗುವುದುಂಟು. ಕೇಬಲ್ ಪದೇ ಪದೇ ಬಿಗಿಯಾಗಿ ಕೆಡುತ್ತಿದ್ದರೆ ಮೊದಲು ಈ ಪಟ್ಟಿ ನೋಡಿ.

ರಿಪೇರಿಗೆ ಬೇಕಾದ ಸಾಮಾನಿಗೆ ಲೋಹಾರ್ ಚಾಳೇ ಸರಿ. ಅರ್ಥ್ ಪಟ್ಟಿಗೆ 16 ಚದರ ಮಿಲಿಮೀಟರಿನ, ಸೆಲ್ಫಿನ ತಂತಿಗೆ 25ರ, ತೆಳು ಎಳೆಗಳ ಬಗ್ಗುವ ತಾಮ್ರದ ಕೇಬಲ್ಲು, ಅದೇ ಅಳತೆಯ ತಾಮ್ರದ ಲಗ್ಗು, ಒಳಮೈಗೆ ಅಂಟು ಸವರಿರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ). ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಕ್ರಿಂಪಿಂಗ್ ಇಕ್ಕಳ ಇರುವ ಅಂಗಡಿಯಲ್ಲೇ ಉದ್ದ ಹೇಳಿ ಒತ್ತಿಸಿಕೊಂಡು ಬನ್ನಿ. ಟರ್ಮಿನಲ್ಲಿನ ಬಿಳಿ ಪುಡಿಗೆ ಅಡುಗೆ ಸೋಡಾ ಹಾಕಿದ ಬಿಸಿನೀರು ಸಾಕು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಹೆಡ್‌ಲೈಟಿಗೂ ಇದೇ ವಿದ್ಯೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್, ಉರಿಯುತ್ತಿರುವ ಬಲ್ಬಿನ ಹಿಂದೆ 12.2 ಇದ್ದರೆ ಬೆಳಕು ಶೇಕಡಾ 60ರ ಆಸುಪಾಸಿಗೆ ಇಳಿದಿರುತ್ತದೆ, ಏಕೆಂದರೆ ವೋಲ್ಟೇಜು ಸ್ವಲ್ಪ ಕುಸಿದರೂ ಫಿಲಮೆಂಟಿನ ಬೆಳಕು ಅದರ ಮೂರು ಪಟ್ಟಿಗೂ ಹೆಚ್ಚು ವೇಗದಲ್ಲಿ ಕುಸಿಯುತ್ತದೆ. ಎರಡು ಹೈಬೀಮ್ ಬಲ್ಬುಗಳ ಹತ್ತು ಆಂಪ್ ಕರೆಂಟು ಇಪ್ಪತ್ತು ವರ್ಷದ ಸ್ವಿಚ್ಚಿನ ಮೂಲಕವೇ ಹೋಗಬೇಕಾದ ಕಾರುಗಳಲ್ಲಿ ರಿಲೇ ಕಿಟ್ (ಹಳೆಯ ಸ್ವಿಚ್ಚಿನ ಬದಲು ಬ್ಯಾಟರಿಯಿಂದ ನೇರ ಬಲ್ಬಿಗೆ ಕರೆಂಟು ಕೊಡುವ ಜೋಡಣೆ) ಹಾಕಿಸುವುದು ಒಳ್ಳೆಯ ಖರ್ಚು. 100/90 ವ್ಯಾಟಿನ ಬಲ್ಬು ಹಾಕುವುದು ಕೆಟ್ಟ ಖರ್ಚು, ಹೋಲ್ಡರು ಕರಗುತ್ತದೆ, ರಿಫ್ಲೆಕ್ಟರಿನ ಹೊಳೆಯುವ ಲೇಪ ಸುಟ್ಟು ಕಂದಾಗುತ್ತದೆ. 60/55ರ ಒಳ್ಳೆಯ ಕಂಪನಿಯ ಬಲ್ಬಿಗೆ ಪೂರ್ತಿ ವೋಲ್ಟೇಜು ಕೊಟ್ಟರೆ ಪರಶುರಾಮ ಘಾಟಿಯ ತಿರುವಿಗೂ ಸಾಕು. ಕಿಟ್ ಕೊಳ್ಳುವಾಗ ವೈರಿನ ತುದಿಯ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಉಪ್ಪುಗಾಳಿಗೆ ಬೇಗ ಪುಡಿಯಾಗುತ್ತದೆ. 2.5 ಚದರ ಮಿಲಿಮೀಟರಿನ ತಾಮ್ರ, ಬ್ಯಾಟರಿಯ ಹತ್ತಿರವೇ ಫ್ಯೂಸು, ಎರಡು ರಿಲೇ, ಇಷ್ಟಿರಬೇಕು. ಕೆಲವು ಜಪಾನಿ ಮೂಲದ ಕಾರುಗಳಲ್ಲಿ ಸ್ವಿಚ್ಚು ಇರುವುದು ಅರ್ಥ್ ಕಡೆಯಲ್ಲಿ. ಅಂಥದ್ದಕ್ಕೆ ಸಾಮಾನ್ಯ ಕಿಟ್ ಹಾಕಿದರೆ ಕೆಲಸ ಮಾಡುವುದಿಲ್ಲ. ಕೊಳ್ಳುವ ಮೊದಲೇ ಬಲ್ಬಿನ ಸಾಕೆಟ್ಟನ್ನು ಟೆಸ್ಟ್ ಲ್ಯಾಂಪಿನಿಂದ ಪರೀಕ್ಷಿಸಿಕೊಳ್ಳಿ.

ಚಾರ್ಜಿಂಗ್ ವಿಷಯದಲ್ಲಿ ಕ್ಲ್ಯಾಂಪ್ ಮತ್ತೆ ಕೈಹಿಡಿಯುತ್ತದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟು, ಬ್ಲೋವರು, ವೈಪರು ಎಲ್ಲ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಬ್ಯಾಟರಿಯ ತಂತಿಯಲ್ಲಿ ಕರೆಂಟು ಯಾವ ಕಡೆ ಹರಿಯುತ್ತದೆ ನೋಡಿ. ಬ್ಯಾಟರಿಯ ಒಳಕ್ಕೆ ಹರಿಯುತ್ತಿದ್ದರೆ ಆಲ್ಟರ್ನೇಟರ್ ಗಟ್ಟಿ. ಹೊರಕ್ಕೆ ಹರಿಯುತ್ತಿದ್ದರೆ ಮಳೆಗಾಲದ ರಾತ್ರಿ ಪ್ರಯಾಣದಲ್ಲಿ ಗಾಡಿ ನಿಲ್ಲುವುದು ಖಂಡಿತ. ಅದೇ ಲೋಡಿನಲ್ಲಿ ಯುಟಿ210ಇಯನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಇಡಿ, 0.5 ವೋಲ್ಟಿಗಿಂತ ಹೆಚ್ಚಿದ್ದರೆ ಡಯೋಡು ಕೆಟ್ಟಿರಬಹುದು. ಈ ಒಂದು ಪರೀಕ್ಷೆಗೆ ಹಳದಿ ಮೀಟರು ಬೇಡ, ಅದರ ಎಸಿ ರೇಂಜು ಡಿಸಿಯನ್ನೂ ಸೇರಿಸಿಕೊಂಡು ಅರ್ಥವಿಲ್ಲದ ಅಂಕಿ ಕೊಡುತ್ತದೆ.

ಚಾರ್ಜೇ ಆಗದಿದ್ದರೆ ಮೊದಲು ಕೀ ಹಾಕಿ ಡ್ಯಾಶಿನ ಕೆಂಪು ಬ್ಯಾಟರಿ ದೀಪ ಉರಿಯುತ್ತದೆಯೇ ನೋಡಿ. ಉರಿಯದಿದ್ದರೆ ಆಲ್ಟರ್ನೇಟರಿನ ಸಣ್ಣ ಪ್ಲಗ್ ಕಿತ್ತು, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಇಂಜಿನ್ನಿಗೆ ಕಚ್ಚಿಸಿ, ಮೊನೆಯಿಂದ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಮುಟ್ಟಿ. ಒಂದನ್ನು ಮುಟ್ಟಿದಾಗ ಡ್ಯಾಶಿನ ದೀಪ ಹೊತ್ತಿಕೊಂಡರೆ ಬಲ್ಬೂ ವೈರೂ ಸರಿ ಇವೆ, ದೋಷ ಆಲ್ಟರ್ನೇಟರಿನೊಳಗೆ, ಹೆಚ್ಚಾಗಿ ಸವೆದ ಬ್ರಷ್. ಬ್ರಷ್ ಬದಲಿಸಲು ತಗಲುವುದು ಇಡೀ ಆಲ್ಟರ್ನೇಟರಿನ ಬೆಲೆಯ ಸಣ್ಣ ಪಾಲು. ವೈರ್‌ಮ್ಯಾನನ ಹತ್ತಿರ ‘ಬ್ರಷ್ ಬಿಚ್ಚಿ ಉದ್ದ ತೋರಿಸಿ’ ಎಂದೇ ಕೇಳಿ. ಯಾವುದನ್ನು ಮುಟ್ಟಿದರೂ ಡ್ಯಾಶಿನ ದೀಪ ಹೊತ್ತದಿದ್ದರೆ ದೀಪವೋ ವೈರೋ ಹೋಗಿದೆ. ಬಹಳಷ್ಟು ಹಳೆಯ ಕಾರುಗಳಲ್ಲಿ ಆ ಸಣ್ಣ ದೀಪ ಹೋದರೆ ಆಲ್ಟರ್ನೇಟರಿಗೆ ಆರಂಭದ ಕರೆಂಟೇ ಸಿಗುವುದಿಲ್ಲ.

ಗ್ಯಾರೇಜಿನಲ್ಲಿ ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ನೋಡಿ, ಗಾಡಿ ನಿಲ್ಲಲಿಲ್ಲ, ಡೈನಮೋ ಚೆನ್ನಾಗಿದೆ’ ಎನ್ನುವ ಪರೀಕ್ಷೆಗೆ ಮಾತ್ರ ಒಪ್ಪಬೇಡಿ. ಬ್ಯಾಟರಿ ಇಲ್ಲದ ಆ ಕ್ಷಣದಲ್ಲಿ ವೋಲ್ಟೇಜು ಹಲವು ಪಟ್ಟು ಚಿಮ್ಮುತ್ತದೆ. ರೆಗ್ಯುಲೇಟರು, ಸ್ಟೀರಿಯೋ, ಎಂಪಿಎಫ್ಐ ಕಾರಾದರೆ ಇಸಿಯು, ಯಾವುದು ಬೇಕಾದರೂ ಸುಡಬಹುದು.

ಬ್ಲೂಟೂತಿನ ಸಣ್ಣ ಓಬಿಡಿ ಸ್ಕ್ಯಾನರ್ (ಇಸಿಯು ಗುರುತಿಸಿದ ದೋಷಗಳನ್ನು ಓದುವ ಸಲಕರಣೆ) ಕೊಳ್ಳಬೇಕೇ? ಕಾರ್ಬ್ಯುರೇಟರಿನ ಕಾರಿಗೆ ಅದರಿಂದ ಉಪಯೋಗವೇ ಇಲ್ಲ. ಭಾರತದಲ್ಲಿ ಓಬಿಡಿ-2 ಕಡ್ಡಾಯವಾದದ್ದು 2013ರಲ್ಲಿ. ಅದಕ್ಕಿಂತ ಹಳೆಯ ಎಂಪಿಎಫ್ಐ ಕಾರುಗಳಲ್ಲಿ ಹಲವು ಈ ಸ್ಕ್ಯಾನರಿಗೆ ಉತ್ತರಿಸುವುದಿಲ್ಲ. ಆ ದುಡ್ಡನ್ನು ಕ್ಲ್ಯಾಂಪಿಗೆ ಸೇರಿಸಿ.

ದುಡ್ಡು ಬಿಗಿ ಇದ್ದವರು ಹಳದಿ ಮೀಟರು ಮತ್ತು ಟೆಸ್ಟ್ ಲ್ಯಾಂಪಿನಿಂದ ಶುರುಮಾಡಲಿ. ವೋಲ್ಟೇಜ್ ಡ್ರಾಪ್, ಫ್ಯೂಸಿನ ಮಿಲಿವೋಲ್ಟ್, ಅರ್ಥ್ ಪರೀಕ್ಷೆ ಮೂರನ್ನೂ ಅವೆರಡರಲ್ಲೇ ಮಾಡಬಹುದು. ವಾರಕ್ಕೊಮ್ಮೆ ಮಾತ್ರ ಹೊರಡುವ ಕಾರಾದರೆ ಕ್ಲ್ಯಾಂಪನ್ನು ಮುಂದೂಡಬೇಡಿ. ಲ್ಯಾಮಿಂಗ್ಟನ್ ರೋಡಿನ ಕೌಂಟರಿನಲ್ಲಿ ದುಡ್ಡು ಕೊಡುವ ಮೊದಲು ನಿಮ್ಮ ಟೆಸ್ಟ್ ಲ್ಯಾಂಪನ್ನು ಅಲ್ಲಿನ ಯಾವುದಾದರೂ 12 ವೋಲ್ಟ್ ಡಿಸಿ ಸಪ್ಲೈಗೆ ಹಚ್ಚಿಸಿ, ಒಂದೇ ವೈರಿಗೆ ಕ್ಲ್ಯಾಂಪ್ ಹಾಕಿ ನೋಡಿ. 1.75ರ ಸುತ್ತಮುತ್ತ ಬರಬೇಕು, ಕ್ಲ್ಯಾಂಪನ್ನು ತಿರುಗಿಸಿ ಹಾಕಿದರೆ ಅದೇ ಅಂಕಿ ಮೈನಸ್ ಗುರುತಿನೊಡನೆ ಬರಬೇಕು. ಮೈನಸ್ ಬರದಿದ್ದರೆ ಅದು ಡಿಸಿ ಕ್ಲ್ಯಾಂಪ್ ಅಲ್ಲ.